ಅಕ್ಕನ ಧ್ವನಿಗೆ ಮೂವತ್ತು ದಿನ

ನನ್ನ ಅಕ್ಕನ ಧ್ವನಿಯನ್ನು ನಮ್ಮದೇ ಮನೆಯ ಕಂಪ್ಯೂಟರು ಕಳ್ಳಮಾಲೆಂದು ಹಿಡಿದು ಒಳಗೆ ಹಾಕಿತು. ಹೀಗೆ ಹೇಳಿದರೆ ಜನ ನಗುತ್ತಾರೆ. ನಕ್ಕವರನ್ನು ಕೂರಿಸಿಕೊಂಡು ಮೊದಲಿನಿಂದ ಹೇಳಬೇಕು, ಹೇಳಿ ಮುಗಿಸುವಷ್ಟರಲ್ಲಿ ನನಗೆ ಮತ್ತೆ ಮೈ ಉರಿಯುತ್ತದೆ. ಉರಿಯಲಿ.

ನಾನು ಬಡಗಿ. ಮನೆಯ ಹಿಂಬದಿಯ ಶೆಡ್ಡೇ ನನ್ನ ಕಾರ್ಖಾನೆ. ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು, ಮದುವೆಯಾಗಲಿಲ್ಲ, ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದಾಳೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳುವುದು ಅವಳ ಕೆಲಸವಾಗಿತ್ತು. ಇಪ್ಪತ್ತಾರು ವರ್ಷ ಹೇಳಿದಳು. ಸಾವಿರಾರು ಜನ ಅವಳ ಮುಖ ನೋಡದೆಯೇ ಅವಳ ಮಾತು ನಂಬಿ ಬಸ್ಸು ಹತ್ತಿದ್ದಾರೆ.

ಐದು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ, ಆಪರೇಷನ್ನಿಗೆ ಮೂರು ವಾರ ಇದೆ ಎಂದರು ಡಾಕ್ಟರು. ನಾನು ಗೋಡೆಗೆ ಒರಗಿ ಅಳುತ್ತಿದ್ದರೆ ಅವಳು ನಮ್ಮ ಬೀದಿಯ ರೇಡಿಯೋ ಮಾಮನ ಹತ್ತಿರ ಹೋದಳು. ರೇಡಿಯೋ ರಿಪೇರಿ ಮಾಡುತ್ತಾ, ಮುದಿ ವಯಸ್ಸಿನಲ್ಲಿ ಕಂಪ್ಯೂಟರು ಕಲಿತ ಮನುಷ್ಯ ಅವರು. ನನ್ನ ಶೆಡ್ಡಿನ ಒಳಕೋಣೆಯಲ್ಲಿ ಪ್ಲೈವುಡ್ ಹಾಳೆಗಳ ನಡುವೆ ಇಬ್ಬರೂ ಕೂತು, ಹದಿನೆಂಟು ದಿನದಲ್ಲಿ ಎರಡು ಸಾವಿರದ ಮುನ್ನೂರು ಮಾತು ರೆಕಾರ್ಡು ಮಾಡಿದರು. ಬೇಕು, ಬೇಡ, ಬಾ, ಹೋಗು, ಉಪ್ಪು ಕಡಿಮೆಯಾಗಿದೆ, ತಲೆ ನೋವು, ಕೋಣ. ಈ ಕೊನೆಯದು ನನಗಾಗಿಯೇ ರೆಕಾರ್ಡು ಮಾಡಿದ್ದು.

ಮಾಮ ಒಂದು ಪ್ರೋಗ್ರಾಂ ಬರೆದುಕೊಟ್ಟರು. ಅಕ್ಕ ಎರಡು ಅಕ್ಷರ ಒತ್ತಿದರೆ ಅವಳದೇ ಧ್ವನಿಯಲ್ಲಿ ಮಾತು ಬರುತ್ತಿತ್ತು. ರೆಕಾರ್ಡು, ಪ್ರೋಗ್ರಾಂ ಎಲ್ಲವನ್ನೂ ಅವರು ಒಂದೇ ಫೈಲಿನೊಳಗೆ ತುಂಬಿದ್ದರು. "ಬಿಡಿ ಬಿಡಿಯಾಗಿಟ್ರೆ ಒಂದೊಂದೇ ಕಳೆದುಹೋಗ್ತವೆ. ಜೀವಮಾನವೆಲ್ಲ ಸ್ಕ್ರೂ ಹುಡುಕಿದವನು ಕಣೋ ನಾನು," ಅಂದಿದ್ದರು. ಹೋದ ವರ್ಷ ಅವರು ತೀರಿಕೊಂಡರು.

ಈ ವರ್ಷ ಅಕ್ಕನ ಅರವತ್ತನೇ ಹುಟ್ಟುಹಬ್ಬಕ್ಕೆ ನನ್ನ ಬಾಮೈದ ಒಂದು ಆ್ಯಂಟಿವೈರಸ್ ತಂದು ಕಂಪ್ಯೂಟರಿಗೆ ಹಾಕಿದ. ಅವನು ಯಾವುದೋ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ, ಆದ್ದರಿಂದ ನಮ್ಮ ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಕುರ್ಚಿಯಲ್ಲಿ ಕೂತು ಕೀ ಒತ್ತಿದಳು. ಟಕ ಟಕ ಎಂದಿತೇ ಹೊರತು ಮಾತು ಬರಲಿಲ್ಲ. ಪರದೆಯ ಮೇಲೆ ಕೆಂಪು ಚೌಕ ಬಂತು. ನಾನು ಅಕ್ಷರ ಕೂಡಿಸಿ ಓದಿದೆ: ಅಪಾಯಕಾರಿ ಫೈಲನ್ನು ಕ್ವಾರಂಟೈನಿಗೆ ಹಾಕಲಾಗಿದೆ, ಮೂವತ್ತು ದಿನದ ನಂತರ ತಾನಾಗಿ ಅಳಿಸಿಹೋಗುತ್ತದೆ.

ಬಾಮೈದನಿಗೆ ಫೋನು ಮಾಡಿದೆ.

"ಭಾವ, ಅದು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅರ್ಥ," ಅಂದ.

"ಯಾವುದಯ್ಯ?"

"ಆ್ಯಂಟಿವೈರಸ್ಸು. ಅನುಮಾನ ಬಂದಿದ್ದನ್ನ ಹಿಡಿದು ಬೇರೆ ಇಟ್ಟಿದೆ."

"ನಿನ್ನ ಮೇಲೆ ನಂಗೆ ಅನುಮಾನ ಬಂದು ಇಪ್ಪತ್ತು ವರ್ಷ ಆಯ್ತು. ಹಿಡಿದು ಕೋಣೆಗೆ ಹಾಕಿದೀನಾ ನಿನ್ನ?"

ಸಂಜೆ ಬಂದು ಕೂತ. ಕ್ವಾರಂಟೈನಿನಿಂದ ಫೈಲು ಹೊರಗೆ ತೆಗೆದ. ಅಕ್ಕ ಕೀ ಒತ್ತಿದಳು. "ತ" ಎಂದಿತು. ತಮ್ಮ ಎನ್ನಲು ಹೊರಟಿದ್ದಳೋ ಏನೋ. ಅಷ್ಟರಲ್ಲಿ ಮತ್ತೆ ಕೆಂಪು ಚೌಕ, ಮತ್ತೆ ಒಳಗೆ. ಮೂರು ಸಲ ತೆಗೆದ, ಮೂರು ಸಲವೂ ಅದೇ "ತ". ಬಾಯಿ ತೆರೆದವರ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಆ್ಯಂಟಿವೈರಸ್ಸಿನ ಕಾವಲನ್ನು ಸ್ವಲ್ಪ ಹೊತ್ತು ಬಂದ್ ಮಾಡಿ ತೆಗೆಯೋಣವೆಂದರೆ, ಅದು ಬಂದಾದರೆ ಕ್ವಾರಂಟೈನಿನ ಬಾಗಿಲೂ ತೆರೆಯುವುದಿಲ್ಲ. ಆ್ಯಂಟಿವೈರಸ್ಸನ್ನೇ ಕಿತ್ತು ಹಾಕಿದರೆ ಒಳಗಿರುವುದೆಲ್ಲ ಅದರ ಜೊತೆಗೇ ಅಳಿಸಿಹೋಗುತ್ತದಂತೆ.

"ಪೆನ್ ಡ್ರೈವಲ್ಲಿ ಇನ್ನೊಂದು ಕಾಪಿ ಇದೆಯಲ್ಲ," ಎಂದು ನೆನಪಿಸಿದಳು ನನ್ನ ಹೆಂಡತಿ. ಬೀರುವಿನಿಂದ ತಂದೂ ಕೊಟ್ಟಳು. ನಾನೇ ಸಿಕ್ಕಿಸಿದೆ. ಎರಡು ಸೆಕೆಂಡಿನಲ್ಲಿ ಆ ಕಾಪಿಯೂ ಒಳಗೆ ಹೋಯಿತು.

ಬಾಮೈದ ನೆಲ ನೋಡುತ್ತಾ ಕೂತ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, "ಮುಂದಿನ ಹುಟ್ಟುಹಬ್ಬಕ್ಕೆ ಸೀರೆ ತಗೊಂಡು ಬಾ. ಅದು ಯಾರನ್ನೂ ನುಂಗಲ್ಲ," ಅಂದಳು.

ಅಕ್ಕ ಆಪರೇಷನ್ ಆದ ಮೊದಲ ದಿನಗಳಲ್ಲಿ ಬಳಸುತ್ತಿದ್ದ ಸ್ಲೇಟನ್ನು ಅಟ್ಟದಿಂದ ತೆಗೆದು ಒರೆಸಿಕೊಂಡಳು.

ಐದನೇ ದಿನ ಕಂಪನಿಯ ಸಹಾಯವಾಣಿ ಸಿಕ್ಕಿತು. ಒಂದು ಒತ್ತಿ, ನಾಲ್ಕು ಒತ್ತಿ, ಕಾಯಿರಿ, ಹಾಡು ಕೇಳಿ, ಮತ್ತೆ ಎರಡು ಒತ್ತಿ. ಕೊನೆಗೆ ಒಬ್ಬ ಗಂಡಸು ಮಾತಾಡಿದ.

"ಸರ್, ನಿಮ್ಮ ಫೈಲು ನೋಡಿದೆ. ಒತ್ತಿದ ಪ್ರತಿ ಕೀಯನ್ನೂ ಅದು ಗಮನಿಸ್ತಾ ಇರುತ್ತೆ. ಪಾಸ್‌ವರ್ಡ್ ಕದಿಯೋ ಪ್ರೋಗ್ರಾಂಗಳು ಹಾಗೇ ಮಾಡೋದು."

"ಕೀ ಗಮನಿಸದೆ ಮಾತು ಹೇಗೆ ಬರುತ್ತಯ್ಯ? ಅದು ನಮ್ಮಕ್ಕನ ಧ್ವನಿ."

"ಇರಬಹುದು ಸರ್. ಆದ್ರೆ ಅದನ್ನ ಮಾಡಿದವರ ಸಹಿ ಇಲ್ಲ ಅದರಲ್ಲಿ."

"ಮಾಡಿದವರು ಸತ್ತುಹೋಗಿದಾರೆ. ಹೋಗಿ ಹಾಕಿಸ್ಕೊಂಡು ಬಾ."

"ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಸರ್," ಎಂದ, ಪಾಠ ಒಪ್ಪಿಸುವ ಹಾಗೆ. ಆಮೇಲೆ ದಾರಿ ಹೇಳಿದ: ಇಡೀ ಕಂಪ್ಯೂಟರನ್ನು ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಬೇಕು. ಬೇರೆ ವೈರಸ್ ಇಲ್ಲ ಎಂಬ ರಿಪೋರ್ಟು ಬರುತ್ತದೆ. ಅದನ್ನು ಕಳಿಸಿದರೆ ಅವರ ಪ್ರಯೋಗಾಲಯದವರು ಫೈಲು ಪರೀಕ್ಷಿಸಿ ಬಿಡುಗಡೆ ಮಾಡುತ್ತಾರೆ. ಅದಕ್ಕೆ ಮೂರು ದಿನ.

ಸರಿ ಎಂದು ಬೆಳಿಗ್ಗೆ ಎಂಟಕ್ಕೆ ಸ್ಕ್ಯಾನ್ ಶುರು ಮಾಡಿ ಶೆಡ್ಡಿಗೆ ಹೋದೆ. ಹತ್ತೂವರೆಗೆ ಬಂದು ನೋಡಿದರೆ ಪರದೆ ಕಪ್ಪು. ಕಂಪ್ಯೂಟರು ತಾನಾಗಿ ಆರಿಹೋಗಿತ್ತು. ನೂರಕ್ಕೆ ಐವತ್ತೆಂಟರಷ್ಟು ಆಗಿತ್ತು ಎಂದು ಮತ್ತೆ ಹಚ್ಚಿದಾಗ ತಿಳಿಯಿತು. ಅರ್ಧಕ್ಕೆ ನಿಂತ ಸ್ಕ್ಯಾನು ಲೆಕ್ಕಕ್ಕಿಲ್ಲ, ಮೊದಲಿನಿಂದ ಶುರು. ಮಾರನೇ ದಿನ ಅರವತ್ತೊಂದಕ್ಕೆ ಸತ್ತಿತು. ಅದರಾಚೆ ದಿನ ಐವತ್ತೈದಕ್ಕೆ.

ಅಲ್ಲಿಂದ ಹದಿನೈದು ದಿನ ನಾನು ಮನುಷ್ಯನಾಗಿರಲಿಲ್ಲ. ಸಹಾಯವಾಣಿಯವರು ದಿನಕ್ಕೊಂದು ಹೇಳುತ್ತಿದ್ದರು. ಬೇಡದ ಫೋಟೋ ಅಳಿಸಿ ಜಾಗ ಮಾಡಿ ಎಂದರು, ಅಳಿಸಿದೆವು. ಪ್ರಿಂಟರಿನ ವೈರು ಕಿತ್ತೆವು. ಇಂಟರ್ನೆಟ್ ನಿಲ್ಲಿಸಿ ಮಾಡಿದೆವು, ಇಟ್ಟುಕೊಂಡು ಮಾಡಿದೆವು. ಬಾಮೈದ ರಜೆ ಹಾಕಿ ಬಂದು ಡಿಸ್ಕ್ ಪರೀಕ್ಷೆ ಮಾಡಿದ, ಅದು ಗಟ್ಟಿಯಾಗಿದೆ ಎಂದ. ಕರೆಂಟಿನ ಏರಿಳಿತ ಇರಬಹುದೆಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಪ್ಲಗ್ಗು ಬದಲಾಯಿಸಿದೆ. ಶೆಡ್ಡಿನ ಗರಗಸ ಓಡಿದರೆ ಕಂಪ್ಯೂಟರಿಗೆ ಕರೆಂಟು ಸಾಲದೇನೋ ಎಂದು ಎರಡು ದಿನ ಕೆಲಸವನ್ನೇ ನಿಲ್ಲಿಸಿದೆ. ಅದು ಮಾತ್ರ ಅರವತ್ತರ ಆಚೀಚೆ ಸಾಯುತ್ತಲೇ ಇತ್ತು.

ಪ್ರತಿ ಸಲ ಬೇರೆಯವರು ಫೋನು ಎತ್ತುತ್ತಿದ್ದರು, ಪ್ರತಿ ಸಲ ನಾನು ಅಕ್ಕನ ಗಂಟಲಿನಿಂದ ಶುರು ಮಾಡಬೇಕಿತ್ತು. ಒಬ್ಬಳು, "ಹೊಸ ಕಂಪ್ಯೂಟರ್ ತಗೊಂಡುಬಿಡಿ ಸರ್," ಅಂದಳು. "ತಗೊಂಡ್ರೆ ಹಳೇದರಲ್ಲಿ ಸಿಕ್ಕಿಬಿದ್ದಿರೋ ನಮ್ಮಕ್ಕನ್ನ ಏನಮ್ಮಾ ಮಾಡ್ಲಿ?" ಅಂದೆ. ಅವಳು ಹಾಡು ಹಾಕಿ ಎದ್ದು ಹೋದಳು. ನಾನು ಫೋನಿನಲ್ಲಿ ಅರಚಿದರೆ ಹೆಂಡತಿ ಅಡುಗೆಮನೆಯಿಂದ, "ರೀ, ಫೋನು ಇಟ್ಟುಬಿಡಿ. ಹಾಗೇ ಕೂಗಿದ್ರೂ ಅವರಿಗೆ ಕೇಳ್ಸುತ್ತೆ," ಅನ್ನುತ್ತಿದ್ದಳು.

ಈಗ ಪೆಟ್ಟಿಗೆಯ ವಿಷಯ ಹೇಳಬೇಕು. ಬಡಗಿಯ ಮನೆಯಲ್ಲಿ ದೊಡ್ಡ ಶತ್ರು ಮರದ ಹೊಟ್ಟು. ಅದು ನಮ್ಮ ಎರಡು ಟಿವಿ ತಿಂದಿದೆ, ಹೆಂಡತಿಯ ಹೊಲಿಗೆ ಮೆಷಿನ್ ತಿಂದಿದೆ. ಆದ್ದರಿಂದ ಯಾರೂ ಕೈಯಿಡದ ಮೆಷಿನ್ನು ಮುಚ್ಚಿರಬೇಕು ಎನ್ನುವುದು ನಮ್ಮಲ್ಲಿ ಕಾನೂನು. ಅಕ್ಕನಿಗೆ ಕಂಪ್ಯೂಟರು ಬಂದಾಗ ಅದರ ಸಿಪಿಯು ಡಬ್ಬಕ್ಕೆಂದು ಮೇಜಿನ ಕೆಳಗೆ ತೇಗದ ಪೆಟ್ಟಿಗೆ ಮಾಡಿದೆ. ಅಂಥ ಕೆಲಸ ನಾನು ಮತ್ತೆ ಮಾಡಿಲ್ಲ. ಬಾಗಿಲು ಮುಚ್ಚಿದರೆ ಸಂದಿನಲ್ಲಿ ಕೂದಲು ತೂರುವುದಿಲ್ಲ. ವೈರು ಹೋಗುವ ತೂತಿನ ಸುತ್ತಲೂ ರಬ್ಬರ್ ಪಟ್ಟಿ. ಮನೆಗೆ ಬಂದವರಿಗೆಲ್ಲ ತೆಗೆದು ಮುಚ್ಚಿ ತೋರಿಸುತ್ತಿದ್ದೆ. ಅಕ್ಕ ಕೂತಾಗ ಮಾತ್ರ ಆ ಬಾಗಿಲು ತೆಗೆದಿಡುತ್ತಿದ್ದಳು, ಅವಳು ಎದ್ದ ಕೂಡಲೇ ನಾನು ಹೋಗಿ ಮುಚ್ಚುತ್ತಿದ್ದೆ. ಐದು ವರ್ಷ ಹಾಗೇ ನಡೆದಿತ್ತು.

ಸ್ಕ್ಯಾನ್ ನಡೆಯುವಾಗ ಯಾರೂ ಕೂರುವುದಿಲ್ಲ. ಆದ್ದರಿಂದ ಶುರು ಮಾಡಿದ ಕೂಡಲೇ ಬಾಗಿಲು ಮುಚ್ಚಿ ಚಿಲಕ ಹಾಕಿಯೇ ಶೆಡ್ಡಿಗೆ ಹೋಗುತ್ತಿದ್ದೆ. ಬಾಮೈದ ಬಂದ ದಿನ, ಅವನು ಊಟಕ್ಕೆ ಎದ್ದ ಹೊತ್ತಿನಲ್ಲಿ ಕೂಡ ಮುಚ್ಚಿದ್ದೆ. ನನಗೆ ಅದು ಉಸಿರಾಡಿದಷ್ಟೇ ಅಭ್ಯಾಸ. ಆ ದಿನಗಳಲ್ಲಿ ಅಕ್ಕ ಹಲವು ಸಲ ಬಾಗಿಲು ತೆಗೆಯಲು ಬಂದಳು. "ಸುಮ್ನಿರು ಮಾರಾಯ್ತಿ, ಇರೋ ಗೋಳು ಸಾಲದೂ ಅಂತ ಹೊಟ್ಟು ಬೇರೆ ಸೇರಿಸ್ಬೇಡ," ಎಂದು ಗದರಿ ಕಳಿಸಿದೆ. ಒಂದು ಭಾನುವಾರ ನಾನು ಗಿರಾಕಿಯ ಮನೆಗೆ ಬೀರು ಸಾಗಿಸಲು ಹೋಗಿದ್ದೆ. ವಾಪಸು ಬಂದಾಗ ಸ್ಕ್ಯಾನು ಎಂಬತ್ತೆಂಟಕ್ಕೆ ಬಂದಿತ್ತು. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಅಕ್ಕ ಅದರ ಪಕ್ಕ ಕಾವಲು ಕೂತಂತೆ ಕೂತಿದ್ದಳು. ನಾನು ಸಂತೋಷದಲ್ಲಿ ಅವಳನ್ನು ಊಟಕ್ಕೆ ಎಬ್ಬಿಸಿ ಕಳಿಸಿ, ಬಾಗಿಲು ಮುಚ್ಚಿ, ಚಿಲಕ ಹಾಕಿದೆ. ಅರ್ಧ ಗಂಟೆಗೆ ಸತ್ತಿತು. ಅವತ್ತು ಕಂಪನಿಯವನಿಗೆ ಅವನ ವಂಶದಲ್ಲಿ ಯಾರೂ ಕೇಳಿರದ ಮಾತು ಕೇಳಿಸಿದೆ.

ಇಪ್ಪತ್ತೆರಡನೇ ದಿನ ಅವರ ಮೇಲಧಿಕಾರಿ ಸಿಕ್ಕಿದ. "ನಿಮ್ಮ ದೂರಿಗೆ ಸಂಖ್ಯೆ ಕೊಡ್ತೀನಿ, ಬರ್ಕೊಳ್ಳಿ," ಎಂದ. ಹದಿನಾಲ್ಕು ಅಂಕಿ. ಕಾಗದ ಹುಡುಕಿದೆ, ಕೈಗೆ ಸಿಗಲಿಲ್ಲ. ಅಕ್ಕ ಸ್ಲೇಟನ್ನು ನನ್ನ ಮುಖದ ಮುಂದೆ ಹಿಡಿದು ನಿಂತಿದ್ದಳು. ಅವಳ ಕೈಯಿಂದ ತೆಗೆದುಕೊಂಡು, ತೋಳಿನಿಂದ ಒರೆಸಿ, ಸಂಖ್ಯೆ ಬರೆದುಕೊಂಡೆ.

ಫೋನಿಟ್ಟ ಮೇಲೆ ನೋಡಿದರೆ ಅಕ್ಕ ಅಲ್ಲಿರಲಿಲ್ಲ.

"ಏನನ್ರೀ ಅಳಿಸಿದ್ರಿ?" ಎಂದಳು ಹೆಂಡತಿ.

"ಏನೋ ಬರೆದಿದ್ಲು."

"ಏನು ಅಂತ ಓದಿದ್ರಾ?"

"ಅವಳಿಗೋಸ್ಕರ ತಾನೇ ನಾನು ಬಡ್ಕೊಳ್ತಿರೋದು," ಅಂದೆ. ಅವಳು ಪಾತ್ರೆಯ ಕಡೆ ತಿರುಗಿದಳು. ಅವತ್ತು ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯೇ ಇತ್ತು. ಅಕ್ಕ ಆಮೇಲೆ ಸ್ಲೇಟು ಮುಟ್ಟಲಿಲ್ಲ. ಊಟಕ್ಕೆ ಬಂದಳು, ಉಂಡಳು, ಎದ್ದಳು.

ಇಪ್ಪತ್ತಾರನೇ ದಿನ. ಪ್ರಯೋಗಾಲಯಕ್ಕೆ ಮೂರು ದಿನ ಬೇಕಲ್ಲ, ಆದ್ದರಿಂದ ಅವತ್ತು ಸ್ಕ್ಯಾನು ಮುಗಿಯದಿದ್ದರೆ ಮುಗಿದ ಹಾಗೇ. ಎಂಟಕ್ಕೆ ಶುರು ಮಾಡಿ, ಬಾಗಿಲು ಮುಚ್ಚಿ ಶೆಡ್ಡಿಗೆ ಹೋದೆ. ಒಂದು ಗಂಟೆ ಕಳೆದಿರಬೇಕು. ಅಕ್ಕ ಶೆಡ್ಡಿಗೆ ಬಂದಳು, ನನ್ನ ಕಡೆ ನೋಡಲಿಲ್ಲ, ಸ್ಕ್ರೂಡ್ರೈವರು ಎತ್ತಿಕೊಂಡು ಹೋದಳು. ಏನೋ ಹೊಳೆದು ಹಿಂದೆಯೇ ಓಡಿದೆ. ಅವಳು ನೆಲದ ಮೇಲೆ ಕೂತು ನನ್ನ ತೇಗದ ಬಾಗಿಲಿನ ಕೀಲು ಬಿಚ್ಚುತ್ತಿದ್ದಳು.

"ಅಕ್ಕಾ, ಏನ್ ಮಾಡ್ತಿದೀಯಾ? ತಲೆ ಕೆಟ್ಟಿದೆಯಾ ನಿಂಗೆ?"

ಮೇಲಿನ ಕೀಲು ಬಂತು. ಕೆಳಗಿನ ಕೀಲಿನ ಎರಡು ಸ್ಕ್ರೂ ಬಂದವು, ಮೂರನೆಯದು ಬಿಗಿಯಾಗಿತ್ತು. ಅವಳು ಕಾಲು ಕೊಟ್ಟು ಎಳೆದಳು. ಮರ ಸೀಳಿತು. ಬಾಗಿಲನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿ ಬಿಸಾಡಿ ಬಂದಳು. ನನ್ನ ಬಾಯಲ್ಲಿ ಬೈಗುಳ ತುಂಬಿತ್ತು. ಅವಳು ನನ್ನ ಮಣಿಕಟ್ಟು ಹಿಡಿದು, ಎಳೆದು ಕೂರಿಸಿ, ಅಂಗೈಯನ್ನು ಸಿಪಿಯು ಡಬ್ಬಕ್ಕೆ ಒತ್ತಿ ಹಿಡಿದಳು.

ಕೈ ಸುಟ್ಟಿತು. ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಕಾದಿತ್ತು. ಒಳಗೆ ಫ್ಯಾನು ಕಿರುಚುತ್ತಿತ್ತು. ಇಪ್ಪತ್ತು ದಿನ ಅದು ಹಾಗೆ ಕಿರುಚಿದೆ. ನನ್ನ ಬಾಗಿಲು ಎಷ್ಟು ಚೆನ್ನಾಗಿ ಕೂರುತ್ತಿತ್ತೆಂದರೆ ಆ ಸದ್ದೂ ಹೊರಗೆ ಬರುತ್ತಿರಲಿಲ್ಲ. ಉಸಿರು ಕಟ್ಟಿ, ಕಾದು, ಸುಟ್ಟುಹೋಗಬಾರದೆಂದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು.

ಅಕ್ಕ ಸ್ಲೇಟು ತಂದು ಬರೆದಳು. ಬಳಪ ಎರಡು ಕಡೆ ಮುರಿಯಿತು.

"ಬಾಗಿಲು ತೆಗಿ, ಬಿಸಿ ಆಗಿದೆ. ನಾಲ್ಕು ದಿನದ ಹಿಂದೆ ಇದನ್ನೇ ಬರೆದಿದ್ದೆ. ನೀನು ಅಳಿಸಿದೆ."

ಇಪ್ಪತ್ತು ದಿನ ನಾನು ಊರಿನವರನ್ನೆಲ್ಲ ಬೈದಿದ್ದೆ: ಕಂಪನಿಯನ್ನು, ಬಾಮೈದನನ್ನು, ಕರೆಂಟಿನವರನ್ನು, ಫೋನಿನ ಹಾಡನ್ನು. ನನ್ನ ಸಿಟ್ಟಿಗೆ ಯಾವತ್ತೂ ಜಾಗ ಹುಡುಕಬೇಕಾಗಿ ಬಂದಿರಲಿಲ್ಲ. ಅವತ್ತು ಅದನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಟೇಬಲ್ ಫ್ಯಾನು ತಂದು ಪೆಟ್ಟಿಗೆಯ ಎದುರು ಇಟ್ಟು, ಶೆಡ್ಡಿನ ಮೆಷಿನ್ನುಗಳನ್ನು ನಿಲ್ಲಿಸಿ, ಅಕ್ಕನ ಪಕ್ಕ ನೆಲದ ಮೇಲೆ ಕೂತೆ. ಅವಳು ಸ್ವಲ್ಪ ದೂರ ಸರಿದು ಕೂತಳು. ಹೆಂಡತಿ ಇಬ್ಬರಿಗೂ ಟೀ ತಂದಳು, ಮೊದಲು ಅವಳಿಗೆ ಕೊಟ್ಟಳು.

ಮಧ್ಯಾಹ್ನ ಒಂದೂ ಕಾಲಿಗೆ ಸ್ಕ್ಯಾನು ನೂರು ಮುಟ್ಟಿತು. ಕಂಪ್ಯೂಟರಿನಲ್ಲಿ ಒಂದು ವೈರಸ್ಸೂ ಇರಲಿಲ್ಲ. ಬಾಮೈದ ಆಫೀಸಿನಿಂದಲೇ ರಿಪೋರ್ಟು ಕಳಿಸಿದ.

ಇಪ್ಪತ್ತೊಂಬತ್ತನೇ ದಿನ ಸಂಜೆ ಪ್ರಯೋಗಾಲಯದ ಉತ್ತರ ಬಂತು. ಬಾಮೈದ ಗಟ್ಟಿಯಾಗಿ ಓದಿದ: ಈ ಫೈಲಿನಿಂದ ಗಂಭೀರ ಅಪಾಯ ಕಂಡುಬಂದಿಲ್ಲ. ಇದನ್ನು ಬೇಡದ ಪ್ರೋಗ್ರಾಂಗಳ ಪಟ್ಟಿಗೆ ವರ್ಗಾಯಿಸಲಾಗಿದೆ. ಬಳಕೆದಾರರು ತಮ್ಮದೇ ಹೊಣೆಯಲ್ಲಿ ಬಿಡುಗಡೆ ಮಾಡಿಕೊಳ್ಳಬಹುದು.

"ಬೇಡದ ಅಂದ್ರೆ?" ಎಂದೆ.

"ಅದು ಒಂದು ವರ್ಗ ಭಾವ. ವೈರಸ್ ಅಲ್ಲ, ಆದ್ರೆ ಇರಬಾರದಿತ್ತು ಅನ್ನೋ ಥರದ್ದು."

"ಯಾರಿಗೆ ಬೇಡದ್ದು?"

"ಈಗ ಅದೆಲ್ಲ ಯಾಕೆ. ಫೈಲು ಬಂತಲ್ಲ."

ಬಂತು. ಅವನು ಅದನ್ನು ಹೊರಗೆ ತೆಗೆದು, ಮೂರು ಪೆನ್ ಡ್ರೈವಿಗೆ ಕಾಪಿ ಮಾಡಿ, ಆಮೇಲೆ ತಾನು ಕೊಟ್ಟ ಉಡುಗೊರೆಯನ್ನು ತಾನೇ ಕಿತ್ತುಹಾಕಿದ. ಅಕ್ಕ ಕುರ್ಚಿ ಎಳೆದು ಕೂತಳು. ಅವಳು ಒತ್ತಿದಳು.

"ತಮ್ಮ," ಎಂದಿತು ಅವಳ ಧ್ವನಿ, ಪೂರ್ತಿಯಾಗಿ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕನಿಗೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ. "ಆ ಪಟ್ಟಿ. ಬೇರೆ. ಕಂಪ್ಯೂಟರು. ಹಿಡಿಯುತ್ತಾ?"

ಬಾಮೈದ ತಲೆ ಕೆರೆದುಕೊಂಡ. "ಹೌದಕ್ಕ. ಪಟ್ಟಿ ಎಲ್ಲ ಕಡೆ ಒಂದೇ. ಈ ಕಂಪ್ಯೂಟರ್ ಕೆಟ್ಟು ಬೇರೆಯದಕ್ಕೆ ಹಾಕಿದ್ರೆ, ಆಸ್ಪತ್ರೆಲೋ ಎಲ್ಲೋ ಬಳಸಿದ್ರೆ, ಅಲ್ಲಿ ಇದೇ ಆ್ಯಂಟಿವೈರಸ್ ಇದ್ರೆ ಹಿಡಿಯುತ್ತೆ."

"ಫೋನ್ ಕೊಡು."

ನಾನು ಒಂದು, ನಾಲ್ಕು, ಎರಡು ಒತ್ತಿ, ಹಾಡು ಮುಗಿಸಿ, ಫೋನನ್ನು ಕಂಪ್ಯೂಟರಿನ ಸ್ಪೀಕರಿನ ಪಕ್ಕ ಇಟ್ಟೆ. ಒಬ್ಬಳು ಹೆಣ್ಣುಮಗಳು ಎತ್ತಿ, ಏನು ಸಹಾಯ ಬೇಕು ಎಂದಳು.

"ನಮಸ್ಕಾರ," ಎಂದಳು ಅಕ್ಕ. ಮುಂದಿನ ಮಾತು ಹುಡುಕಿ ಒತ್ತುವುದಕ್ಕೆ ಒಂದೆರಡು ಗಳಿಗೆ ಬೇಕು. "ದೂರು. ಇದೆ."

ಆ ಕಡೆಯಿಂದ ಕರೆ ಕಟ್ಟಾಯಿತು.

ಮತ್ತೆ ಮಾಡಿದೆ. ಅವತ್ತು ಮಾತ್ರ ಮತ್ತೆ ಅವಳೇ. "ರೆಕಾರ್ಡ್ ಮಾಡಿದ ಕರೆಗಳನ್ನ ನಾವು ತಗೊಳ್ಳಲ್ಲ. ಮನುಷ್ಯರು ಮಾತಾಡಿದ್ರೆ ಮಾತ್ರ," ಎಂದು ಇಟ್ಟಳು.

ನಾನು ಫೋನಿಗೆ ಕೈ ಹಾಕಿದೆ. ಇಪ್ಪತ್ತೊಂಬತ್ತು ದಿನದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನ ಕೈ ಮೇಲೆ ಪಟ್ಟನೆ ಹೊಡೆದು, "ಕೋಣ," ಎಂದಳು. ಬಾಮೈದ ನಗು ತಡೆಯಲು ಗೋಡೆಯ ಕಡೆ ತಿರುಗಿದ.

ಮೂರನೇ ಸಲ ಅಕ್ಕ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. ಮೊದಲೇ ಕೀ ಹುಡುಕಿಟ್ಟುಕೊಂಡಿದ್ದಳು. "ಇಡಬೇಡಿ. ನನಗೆ. ಗಂಟಲು. ಇಲ್ಲ."

ಆ ಹುಡುಗಿ, "ನೀವು... ನೀವು ಮನುಷ್ಯರಾ?" ಎಂದಳು.

"ಹೌದು. ನೀವು?"

ಹುಡುಗಿ, "ಹೇಳಿ ಅಮ್ಮ," ಎಂದಳು.

"ಇದು. ನನ್ನ. ಮಾತು," ಎಂದಳು ಅಕ್ಕ. "ಬೇಡದ್ದು. ಅಲ್ಲ. ಬೇಕು. ಬರೆದುಕೊಳ್ಳಿ."

"ಏನಂತ ಬರೀಲಿ ಅಮ್ಮ?"

ಅಕ್ಕ ಅದನ್ನೇ ಇನ್ನೊಮ್ಮೆ ಹೇಳಿದಳು, ಒಂದಕ್ಷರವೂ ಹೆಚ್ಚಿಲ್ಲದೆ. ಹುಡುಗಿ ಬರೆದುಕೊಂಡು ಓದಿ ಹೇಳಿದಳು, ಮೇಲಿನವರಿಗೆ ಕಳಿಸುತ್ತೇನೆ ಎಂದಳು. "ನಾಳೆ. ಕೇಳುತ್ತೇನೆ," ಎಂದು ಅಕ್ಕ ನನಗೆ ಫೋನು ಇಡುವಂತೆ ಕೈ ಸನ್ನೆ ಮಾಡಿದಳು.

ಮರುದಿನ ಕೇಳಿದಳು. ಅದರ ಮರುದಿನವೂ ಕೇಳಿದಳು. ಪಟ್ಟಿ ಇನ್ನೂ ಬದಲಾಗಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ನಾನು ನಂಬರು ಒತ್ತಿ, ಹಾಡು ಮುಗಿಸಿ, ಫೋನನ್ನು ಅವಳ ಮುಂದಿಟ್ಟು ಶೆಡ್ಡಿಗೆ ಹೋಗುತ್ತೇನೆ. ಅವಳ ಮಾತು ಮುಗಿಯುವವರೆಗೆ ಗರಗಸ ಹಚ್ಚುವುದಿಲ್ಲ.